ಇಲ್ಲದ ಅನುಭವಕ್ಕೆ ಸೀಲು, ಇರೋ ಅನುಭವಕ್ಕೆ ಸೊನ್ನೆ!

ನಾಲ್ಕು ತಾಲ್ಲೂಕಿನ ಬಯೋಡಾಟಾ ಪುರಾಣ: ಲೆಟರ್‌ಹೆಡ್ ಕೊಡುವ ಅಂಗಡಿ ಯಜಮಾನರೂ ಓದಿಕೊಳ್ಳಿ

ಮಧುಗಿರಿ: ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹುಡುಗನಿಗೆ ಎರಡು ಎಕರೆ ಇದ್ದರೆ ಐದು ಎಕರೆ ಅನ್ನೋದು, ಒಂದು ಬೋರು ಇದ್ದರೆ ಎರಡು ಅನ್ನೋದು, ಬೋರಿನಲ್ಲಿ ನೀರಿದೆಯೋ ಇಲ್ಲವೋ ಅನ್ನೋದನ್ನು ಮಾತ್ರ ಹೇಳದೆ ಇರೋದು. ತಾಳಿ ಬಿದ್ದ ಮೇಲೆ ಎಲ್ಲಾ ಗೊತ್ತಾಗುತ್ತೆ. ಬೀಗರು ನಾಲ್ಕು ದಿನ ಮುಖ ಊದಿಸಿಕೊಂಡು ಆಮೇಲೆ ಸರಿಹೋಗ್ತಾರೆ.

ಈಗ ಇದೇ ಗಾದೆಯನ್ನು ಕೆಲಸ ಹುಡುಕುವ ಹುಡುಗರು ಹಿಡಿದುಕೊಂಡಿದ್ದಾರೆ. ಆರು ತಿಂಗಳ ಕೆಲಸ ಬಯೋಡಾಟಾದಲ್ಲಿ ಎರಡು ವರ್ಷ ಆಗುತ್ತೆ. ಹೆಲ್ಪರ್ ಆಗಿದ್ದವನು ಸೂಪರ್‌ವೈಸರ್ ಆಗ್ತಾನೆ. ಸೇಟು ಅಂಗಡಿಯಲ್ಲಿ ಬಿಲ್ ಹರಿದುಕೊಟ್ಟವನು ‘ಅಕೌಂಟೆಂಟ್’ ಅಂತ ಬರೆಸ್ತಾನೆ. ಆದರೆ ಸ್ವಾಮಿ, ಕಂಪನಿಯವನು ಬೀಗನಲ್ಲ. ಅವನು ಮುಖ ಊದಿಸಿಕೊಂಡು ಕೂರೋದಿಲ್ಲ. ಗೊತ್ತಾದ ದಿನವೇ ಗೇಟಿನಿಂದಾಚೆ ಕಳಿಸ್ತಾನೆ. ಒಮ್ಮೊಮ್ಮೆ ಅಲ್ಲಿಗೂ ಮುಗಿಯದೆ ಪೊಲೀಸ್ ಸ್ಟೇಷನ್ ತನಕ ಹೋಗುತ್ತೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಉಪವಿಭಾಗ. ನಾಲ್ಕೂ ಊರಿನಲ್ಲಿ ಬಸ್ ಸ್ಟ್ಯಾಂಡ್ ಇಳಿದ ಕೂಡಲೇ ಝೆರಾಕ್ಸ್ ಅಂಗಡಿ, ಅದರೊಳಗೊಂದು ಕಂಪ್ಯೂಟರು. ‘ಬಯೋಡಾಟಾ ಮಾಡಿಕೊಡಲಾಗುತ್ತದೆ’ ಅಂತ ಬೋರ್ಡು. ಟೈಪು ಮಾಡುವವರು ಕೇಳುವ ಮೊದಲ ಪ್ರಶ್ನೆ ಹೆಸರು, ಎರಡನೆಯದು ಓದು, ಮೂರನೆಯದು ‘ಎಕ್ಸ್‌ಪೀರಿಯೆನ್ಸ್ ಎಷ್ಟು ಹಾಕಲಿ?’ ಗಮನಿಸಿ, ‘ಎಷ್ಟಿದೆ’ ಅಂತಲ್ಲ, ‘ಎಷ್ಟು ಹಾಕಲಿ’ ಅಂತ! ಈ ಒಂದು ಮಾತಿನಲ್ಲೇ ಇಡೀ ಕಥೆ ಇದೆ.

ಹುಡುಗರದೇ ತಪ್ಪಾ?

ಬರೀ ಹುಡುಗರನ್ನು ಬೈದರೆ ನ್ಯಾಯವಲ್ಲ. ಯಾವ ಜಾಹೀರಾತು ತೆಗೆದರೂ ‘ಅನುಭವ ಇದ್ದವರಿಗೆ ಆದ್ಯತೆ’ ಅಂತಲೇ ಇರುತ್ತೆ. ಕೆಲಸ ಸಿಗಬೇಕಾದರೆ ಅನುಭವ ಬೇಕು, ಅನುಭವ ಬರಬೇಕಾದರೆ ಕೆಲಸ ಬೇಕು. ಹುಚ್ಚು ಬಿಟ್ಟ ಹೊರತು ಮದುವೆಯಾಗಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡಲ್ಲ ಅಂದ ಹಾಗೆ.

ನಮ್ಮ ಕಡೆ ಮಳೆ ನಂಬಿ ಕಡಲೆಕಾಯಿ ಬಿತ್ತಿದವರ ಮಕ್ಕಳು ಎಲ್ಲಿಗೆ ಹೋಗಬೇಕು? ಕೊರಟಗೆರೆ ಕಡೆಯ ಹುಡುಗ ತುಮಕೂರು ಹತ್ತಿರದ ವಸಂತನರಸಾಪುರಕ್ಕೆ ಹೋಗ್ತಾನೆ. ಅಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಫುಡ್ ಪಾರ್ಕ್ ಉದ್ಘಾಟನೆ ಆಯಿತು, ಸುತ್ತ ಕಾರ್ಖಾನೆಗಳೂ ಎದ್ದವು. ಶಿರಾದವನಿಗೆ ಮನೆ ಮುಂದೆಯೇ ನ್ಯಾಷನಲ್ ಹೈವೇ. ಲಾರಿ, ಗೋಡೌನು, ಢಾಬಾ, ಇಲ್ಲಾಂದ್ರೆ ಬೆಂಗಳೂರಿನ ಪೀಣ್ಯ. ಪಾವಗಡದವನಿಗೆ ಆಂಧ್ರ ಗಡಿ ಹತ್ತಿರ. ಪೆನುಕೊಂಡದ ಕಿಯಾ ಕಾರು ಕಾರ್ಖಾನೆ 2019ರಲ್ಲಿ ಶುರುವಾದ ಮೇಲೆ ಆ ಕಡೆಗೂ ಹುಡುಗರ ಕಣ್ಣು ಹೋಯಿತು. ಊರಲ್ಲೇ ಇರೋಣ ಅಂದವನಿಗೆ ತಿರುಮಣಿಯ ಸೋಲಾರ್ ಪಾರ್ಕು.

ಎಲ್ಲಾ ಗೇಟಿನಲ್ಲೂ ಒಂದೇ ಪ್ರಶ್ನೆ: ‘ಎಷ್ಟು ವರ್ಷ ಕೆಲಸ ಮಾಡಿದ್ದೀಯ?’

ಅನುಭವಕ್ಕೆ ನೇರವಾಗಿ ದುಡ್ಡಿನ ಲೆಕ್ಕವೂ ಇದೆ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನೇ ನೋಡಿ. 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು. ಯು.ಜಿ.ಸಿ. ಅರ್ಹತೆ ಇದ್ದು 5 ವರ್ಷ ದಾಟಿದವರಿಗೆ 32,000 ರೂಪಾಯಿ, ದಾಟದವರಿಗೆ 30,000. ಅರ್ಹತೆ ಇಲ್ಲದವರಿಗೆ 28,000 ಮತ್ತು 26,000. ಅಂದರೆ ಆಗ 5 ವರ್ಷ ಅನ್ನೋ ಒಂದು ಗೆರೆ ದಾಟಿದರೆ ತಿಂಗಳಿಗೆ 2,000 ರೂಪಾಯಿ ಹೆಚ್ಚು ಸಿಗುತ್ತಿತ್ತು. ಅವರ ವರ್ಷ ಕಾಲೇಜಿನ ರಿಜಿಸ್ಟರಿನಲ್ಲಿ ಇರುತ್ತೆ, ಹೆಚ್ಚು ಕಡಿಮೆ ಮಾಡೋದು ಕಷ್ಟ. ಖಾಸಗಿಯಲ್ಲಿ ಅಂಥ ರಿಜಿಸ್ಟರು ಎಲ್ಲಾ ಕಡೆ ಇಲ್ಲ. ಇಲ್ಲದ ಕಡೆಯೇ ಸುಳ್ಳಿಗೆ ಜಾಗ.

‘ಯಾರ್ ನೋಡ್ತಾರೆ ಬಿಡಣ್ಣ’

ಇದು ಹುಡುಗರ ಮಾಮೂಲಿ ಮಾತು. ಹಿಂದೆ ನಿಜವೇ ಆಗಿತ್ತು. ಬೆಂಗಳೂರಿನ ಮ್ಯಾನೇಜರು ಶಿರಾಕ್ಕೆ ಟ್ರಂಕ್ ಕಾಲ್ ಹಚ್ಚಿ ವಿಚಾರಿಸುತ್ತಿದ್ದನೇ? ಈಗ ಕಾಲ ಹಾಗಿಲ್ಲ. ಸುಳ್ಳು ಹಿಡಿಯೋದಕ್ಕೆ ಯಾರೂ ಊರಿಗೆ ಬರಬೇಕಾಗಿಲ್ಲ.

ಪಿ.ಎಫ್. ಇದ್ದವರಿಗೆಲ್ಲ 2014ರಿಂದ ಯು.ಎ.ಎನ್. ಅಂತ 12 ಅಂಕಿಯ ಒಂದು ನಂಬರು ಬಂದಿದೆ. ಹತ್ತು ಕಂಪನಿ ಬದಲಾಯಿಸಿದರೂ ನಂಬರು ಒಂದೇ. ಅದರಲ್ಲಿ ನೀವು ಯಾವ ಕಂಪನಿಗೆ ಯಾವ ತಾರೀಖು ಸೇರಿದಿರಿ, ಯಾವ ತಾರೀಖು ಬಿಟ್ಟಿರಿ ಅನ್ನೋದು ಸಾಲಾಗಿ ಬರೆದಿರುತ್ತೆ. ಹೊಸ ಕಂಪನಿಯವರು ಕೇಳೋದು ಇಷ್ಟೇ: ‘ಸರ್ವಿಸ್ ಹಿಸ್ಟರಿ ಡೌನ್‌ಲೋಡ್ ಮಾಡಿ ತೋರಿಸಪ್ಪ.’

ಲೆಕ್ಕಕ್ಕೆ ಒಬ್ಬ ಹುಡುಗನನ್ನು ತಗೊಳ್ಳೋಣ. 2021ರಲ್ಲಿ ಐ.ಟಿ.ಐ. ಮುಗಿಸಿದ. ಎರಡು ವರ್ಷ ಊರಲ್ಲೇ ಇದ್ದ, ಹೊಲ ನೋಡಿಕೊಂಡ. 2023ರ ಜೂನ್‌ನಿಂದ 2024ರ ಮಾರ್ಚ್‌ವರೆಗೆ ಒಂದು ಕಾರ್ಖಾನೆಯಲ್ಲಿದ್ದ. ಒಟ್ಟು 10 ತಿಂಗಳು. ಬಯೋಡಾಟಾದಲ್ಲಿ ‘2021ರಿಂದ 2024, ಮೂರು ವರ್ಷ’ ಅಂತ ಹಾಕಿಸಿದ. ಪಿ.ಎಫ್. ಚೀಟಿಯಲ್ಲಿ 10 ತಿಂಗಳ ವಂತಿಗೆ ಇದೆ. ಉಳಿದ 26 ತಿಂಗಳು ಎಲ್ಲಿ ಹೋಯಿತು? ಇಂಟರ್‌ವ್ಯೂನಲ್ಲಿ ಈ ಪ್ರಶ್ನೆ ಬಿದ್ದಾಗ ಹುಡುಗನ ಗಂಟಲು ಒಣಗುತ್ತೆ. 10 ತಿಂಗಳು ಅಂತ ನೆಟ್ಟಗೆ ಹೇಳಿದ್ದರೆ ಸಂಬಳ ಸ್ವಲ್ಪ ಕಡಿಮೆ ಆಗುತ್ತಿತ್ತೋ ಏನೋ, ಕೆಲಸ ಸಿಗುವ ದಾರಿ ಇತ್ತು. ಈಗ ನಿಜವಾದ 10 ತಿಂಗಳನ್ನೂ ಅವರು ನಂಬಲ್ಲ.

‘ನಾನಿದ್ದ ಕಡೆ ಪಿ.ಎಫ್. ಇರಲಿಲ್ಲ’ ಅನ್ನಬಹುದು. ಅದು ಸುಳ್ಳಲ್ಲ. 20 ಜನಕ್ಕಿಂತ ಕಡಿಮೆ ಇರುವ ಅಂಗಡಿ, ವರ್ಕ್‌ಶಾಪಿಗೆ ಪಿ.ಎಫ್. ಕಡ್ಡಾಯ ಇಲ್ಲ. ಆಗ ಏನು ಮಾಡ್ತಾರೆ? ಸಂಬಳ ಬ್ಯಾಂಕಿಗೆ ಬಂದಿದ್ದರೆ ಪಾಸ್‌ಬುಕ್ ಕೇಳ್ತಾರೆ. ಇಲ್ಲದಿದ್ದರೆ ಲೆಟರ್‌ಹೆಡ್‌ನಲ್ಲಿರುವ ನಂಬರಿಗೆ ಫೋನು ಮಾಡ್ತಾರೆ. ಇದಕ್ಕೆಂದೇ ದುಡ್ಡು ತಗೊಂಡು ವಿಚಾರಣೆ ಮಾಡುವ ಏಜೆನ್ಸಿಗಳಿವೆ. ಫೋನು ಎತ್ತೋದು ಯಜಮಾನರಲ್ಲ, ಅವರ ಮಗಳೋ ಅಳಿಯನೋ. ‘ಆ ಹೆಸರಿನವರು ಯಾರೂ ನಮ್ಮಲ್ಲಿ ಇರಲಿಲ್ಲವಲ್ಲ ಸಾರ್’ ಅಂತ ಸತ್ಯ ಹೇಳಿಬಿಡ್ತಾರೆ. ಅಲ್ಲಿಗೆ ಮುಗೀತು.

ಡ್ರೈವರ್‌ಗಳದ್ದು ಇನ್ನೂ ಸುಲಭ. ಲೈಸೆನ್ಸ್ ನಂಬರು, ಹುಟ್ಟಿದ ತಾರೀಖು ಹಾಕಿದರೆ ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಯಾವತ್ತು ಲೈಸೆನ್ಸ್ ಆಯಿತು ಅನ್ನೋದು ಬರುತ್ತೆ. ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಆಗದ ಹೊರತು ಸಾರಿಗೆ ವಾಹನಕ್ಕೆ ಎಲ್.ಎಲ್.ಆರ್. ಕೂಡ ಕೊಡೋದಿಲ್ಲ. ಹೋದ ವರ್ಷ ಹೆವಿ ಲೈಸೆನ್ಸ್ ಮಾಡಿಸಿ ‘ಐದು ವರ್ಷದಿಂದ ಲಾರಿ ಓಡಿಸ್ತಿದ್ದೀನಿ’ ಅಂದರೆ, ನಾಲ್ಕು ವರ್ಷ ಲೈಸೆನ್ಸ್ ಇಲ್ಲದೆ ಓಡಿಸಿದೆ ಅಂತ ತಾನೇ ಬರೆದುಕೊಟ್ಟ ಹಾಗಾಯಿತು!

ಸಿಕ್ಕಿಬಿದ್ದವರ ಸಾಲು

ಇದೆಲ್ಲಾ ಹೆದರಿಸೋ ಮಾತಲ್ಲ, ನಡೆದಿರೋದು. ಆಕ್ಸೆಂಚರ್ ಅನ್ನೋ ದೊಡ್ಡ ಸಾಫ್ಟ್‌ವೇರ್ ಕಂಪನಿ 2022ರ ನವೆಂಬರ್‌ನಲ್ಲಿ ಬಹಿರಂಗವಾಗಿಯೇ ಹೇಳಿತು: ಇಲ್ಲದ ಕಂಪನಿಗಳ ಹೆಸರಿನಲ್ಲಿ ಅನುಭವ ಪತ್ರ ತಂದವರನ್ನು ಭಾರತದಲ್ಲಿ ಪತ್ತೆ ಹಚ್ಚಿ ಮನೆಗೆ ಕಳಿಸಿದ್ದೇವೆ ಅಂತ. ಬೋರ್ಡು ಇಲ್ಲ, ಬಾಗಿಲು ಇಲ್ಲ, ಬರೀ ಲೆಟರ್‌ಹೆಡ್ಡು. ಅಂಥ ಕಂಪನಿಯ ಅನುಭವ ಪತ್ರವನ್ನು ದುಡ್ಡು ಕೊಟ್ಟು ಕೊಂಡವರು ದುಡ್ಡನ್ನೂ ಕಳೆದುಕೊಂಡರು, ಕೆಲಸವನ್ನೂ ಕಳೆದುಕೊಂಡರು.

ಸರ್ಕಾರಿ ನೌಕರಿಯಲ್ಲಿ ಇನ್ನೂ ಗಟ್ಟಿ ಪೆಟ್ಟು. ಜಲಸಂಪನ್ಮೂಲ ಇಲಾಖೆಯ ದ್ವಿತೀಯ ದರ್ಜೆ ಸಹಾಯಕರ ಬ್ಯಾಕ್‌ಲಾಗ್ ಹುದ್ದೆಗೆ ನಕಲಿ ಅಂಕಪಟ್ಟಿ ಕೊಟ್ಟ ಆರೋಪದ ಮೇಲೆ 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸಿ.ಸಿ.ಬಿ. ಪೊಲೀಸರು 48 ಜನರನ್ನು ಹಿಡಿದರು. ಅದರಲ್ಲಿ 37 ಜನ ಅಭ್ಯರ್ಥಿಗಳೇ. ಉಳಿದವರು ಮಧ್ಯವರ್ತಿಗಳು. ಅದಕ್ಕೂ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಪ್ರೌಢಶಾಲಾ ಶಿಕ್ಷಕರ ಹಳೆಯ ನೇಮಕಾತಿಯೊಂದರ ಅಕ್ರಮದ ಆರೋಪದಲ್ಲಿ ಸಿ.ಐ.ಡಿ.ಯವರು ನಮ್ಮ ತುಮಕೂರು ಜಿಲ್ಲೆಗೇ ಬಂದು ಶಿಕ್ಷಕರನ್ನು ಬಂಧಿಸಿದರು. ವರ್ಷಗಟ್ಟಲೆ ಪಾಠ ಮಾಡಿದವರು, ಮಕ್ಕಳಿಂದ ‘ನಮಸ್ಕಾರ ಸಾರ್’ ಅನ್ನಿಸಿಕೊಂಡವರು. ಕೋರ್ಟು ಏನು ಹೇಳುತ್ತೋ ಅದು ಬೇರೆ. ಆದರೆ ನೇಮಕದ ಕಡತ ಇಷ್ಟು ವರ್ಷ ಆದ ಮೇಲೂ ಬಿಚ್ಚಿಕೊಂಡಿತು ಅನ್ನೋದು ಮುಖ್ಯ.

‘ಒಂದಷ್ಟು ವರ್ಷ ಕಳೆದರೆ ಆಮೇಲೆ ಯಾರೂ ಕೇಳಲ್ಲ’ ಅನ್ನುವವರಿಗೆ ಸುಪ್ರೀಂ ಕೋರ್ಟಿನ 2004ರ ಒಂದು ತೀರ್ಪು ಸಾಕು. ಕೇರಳದ ಒಬ್ಬ ಪೊಲೀಸ್ ಅಧಿಕಾರಿ ಸುಳ್ಳು ಜಾತಿ ಪತ್ರ ಕೊಟ್ಟು ಸೇರಿ ಸುಮಾರು 27 ವರ್ಷ ಸೇವೆ ಮಾಡಿದ್ದರು. ವಜಾ ಆದಾಗ ‘ಪೆನ್ಷನ್ ಆದರೂ ಕೊಡಿ’ ಅಂತ ಕೇಳಿಕೊಂಡರು. ಮೋಸದಿಂದ ಪಡೆದ ನೇಮಕ ಕಾನೂನಿನ ಕಣ್ಣಲ್ಲಿ ನೇಮಕವೇ ಅಲ್ಲ ಅಂದ ಕೋರ್ಟು ಪೆನ್ಷನ್ನೂ ಇಲ್ಲ ಅಂದಿತು. ಅದು ಜಾತಿ ಪತ್ರದ ಕೇಸು ನಿಜ. ಆದರೆ ಸುಳ್ಳು ಕಾಗದದ ಮೇಲೆ ನಿಂತ ನೌಕರಿಗೆ ಎಷ್ಟು ವರ್ಷ ಆದರೂ ಬೇರು ಬಿಡೋದಿಲ್ಲ ಅನ್ನೋ ಮಾತು ಎಲ್ಲದಕ್ಕೂ ಸೇರುತ್ತೆ.

ನಮ್ಮವರು ಮಾತ್ರ ಹೀಗೆ ಅಂದುಕೊಳ್ಳಬೇಡಿ. ಅಮೆರಿಕದ ನ್ಯೂಯಾರ್ಕಿನಿಂದ ಜಾರ್ಜ್ ಸ್ಯಾಂಟೋಸ್ ಅನ್ನೋನು 2022ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತಿಗೆ ಗೆದ್ದ. ಗೋಲ್ಡ್‌ಮನ್ ಸ್ಯಾಕ್ಸ್, ಸಿಟಿಗ್ರೂಪ್ ಅನ್ನೋ ದೊಡ್ಡ ಬ್ಯಾಂಕುಗಳಲ್ಲಿ ಕೆಲಸ ಮಾಡಿದ್ದೇನೆ ಅಂತ ಹೇಳಿಕೊಂಡು ಓಟು ಕೇಳಿದ್ದ. ಪತ್ರಿಕೆಯವರು ವಿಚಾರಿಸಿದರೆ ಎರಡೂ ಕಡೆ ಅವನ ಹೆಸರೇ ಇಲ್ಲ. ಗೆದ್ದ ಮುಂದಿನ ತಿಂಗಳೇ ಒಪ್ಪಿಕೊಂಡ. ಒಂದು ಎಳೆ ಎಳೆದಿದ್ದೇ ತಡ, ಚುನಾವಣಾ ಹಣದ ವಂಚನೆಯೂ ಈಚೆ ಬಂತು. 2023ರ ಡಿಸೆಂಬರ್ 1ರಂದು ಸದನವೇ ಅವನನ್ನು ಹೊರಗೆ ಹಾಕಿತು. ಎಂ.ಪಿ. ಆದವನ ಗತಿಯೇ ಹೀಗೆ, ನಮ್ಮ ಹುಡುಗ ಯಾವ ಲೆಕ್ಕ?

ಕೆಲಸದ ಮೇಲೆ ಸುಳ್ಳು ಹೊರಬಿದ್ದರೆ

ಇದುವರೆಗೆ ಹೇಳಿದ್ದು ಕಾಗದದ ಮೇಲೆ ಸಿಕ್ಕಿಬೀಳೋ ಮಾತು. ಅದಕ್ಕಿಂತ ಕೆಟ್ಟದ್ದು ಕೆಲಸದ ಮೇಲೆ ಸಿಕ್ಕಿಬೀಳೋದು.

ಪಾವಗಡದ ಸೋಲಾರ್ ಪಾರ್ಕನ್ನೇ ತಗೊಳ್ಳಿ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು - ಐದು ಹಳ್ಳಿಯ ಸುಮಾರು 13,000 ಎಕರೆ, 2,050 ಮೆಗಾವಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅಂಥ ಕಡೆ ‘ಎಲೆಕ್ಟ್ರಿಷಿಯನ್, ಮೂರು ವರ್ಷ ಅನುಭವ’ ಅಂತ ಸುಳ್ಳು ಹೇಳಿ ಸೇರೋದು ಅಂದರೆ ಏನು? ಮನೆ ವೈರಿಂಗ್ ಮಾಡಿದವನು ಮೇನ್ ಸ್ವಿಚ್ ಆಫ್ ಮಾಡಿದರೆ ಕರೆಂಟು ಹೋಯಿತು ಅಂದುಕೊಂಡಿರ್ತಾನೆ. ಸೋಲಾರ್ ಹಲಗೆಗೆ ಆ ಮಾತು ಹೊಂದಲ್ಲ. ಬಿಸಿಲು ಇರೋ ತನಕ ಅದು ಕರೆಂಟು ಹುಟ್ಟಿಸ್ತಾನೇ ಇರುತ್ತೆ. ದೊಡ್ಡ ಪಾರ್ಕುಗಳಲ್ಲಿ ಸಾಲಾಗಿ ಜೋಡಿಸಿದ ಹಲಗೆಗಳಲ್ಲಿ 1,000ದಿಂದ 1,500 ವೋಲ್ಟಿನವರೆಗೆ ಡಿ.ಸಿ. ಕರೆಂಟು. ಓಡ್ತಿರೋ ಲೈನಿನ ಕನೆಕ್ಟರು ಕಿತ್ತರೆ ಕಿಡಿ ಹೊತ್ತಿಕೊಳ್ಳುತ್ತೆ, ಮನೆ ಕರೆಂಟಿನ ಕಿಡಿ ಆರಿದಷ್ಟು ಸುಲಭವಾಗಿ ಆರಲ್ಲ. ಗೊತ್ತಿದ್ದವನು ಮುಟ್ಟೋ ರೀತಿಯೇ ಬೇರೆ. ಗೊತ್ತಿಲ್ಲದವನು ‘ಗೊತ್ತು’ ಅಂತ ಬರೆದುಕೊಟ್ಟಿದ್ದರೆ, ಮೇಲಿನವರು ಅದನ್ನೇ ನಂಬಿ ಒಬ್ಬನನ್ನೇ ಕಳಿಸ್ತಾರೆ. ‘ಹೊಸಬ’ ಅಂತ ಗೊತ್ತಿದ್ದರೆ ಜೊತೆಗೆ ಒಬ್ಬ ಮೇಸ್ತ್ರಿಯನ್ನು ಕಳಿಸುತ್ತಿದ್ದರು. ಆ ಒಂದು ಸಾಲು ಸುಳ್ಳು, ಜೊತೆಗಿರಬೇಕಾದ ಮೇಸ್ತ್ರಿಯನ್ನು ದೂರ ಮಾಡುತ್ತೆ.

ಡ್ರೈವರ್ ವಿಚಾರವೂ ಹೀಗೇ. ನೀವು ದಿನಾ ಮಧುಗಿರಿಯಿಂದ ತುಮಕೂರಿಗೆ, ಪಾವಗಡದಿಂದ ಮಧುಗಿರಿಗೆ ಬಸ್ಸಿನಲ್ಲಿ ಓಡಾಡ್ತೀರಿ. ಸ್ಟೇರಿಂಗ್ ಹಿಡಿದವನ ಅನುಭವ ಕಾಗದದ ಅನುಭವವೋ, ಕೈಯ ಅನುಭವವೋ ಅಂತ ಯೋಚನೆ ಮಾಡಿದ್ದೀರಾ? ಕೆ.ಎಸ್.ಆರ್.ಟಿ.ಸಿ.ಯವರು ಸರ್ಟಿಫಿಕೇಟು ನೋಡಿ ಸುಮ್ಮನಾಗದೆ, ಸೆನ್ಸರ್ ಹಾಕಿದ ಟ್ರ್ಯಾಕಿನಲ್ಲಿ ಬಸ್ಸು ಓಡಿಸಿ ತೋರಿಸು ಅಂತಾರೆ. ಆಟಕ್ಕೆ ಬರೋದಿಲ್ಲ, ನಲವತ್ತು ಐವತ್ತು ಜೀವದ ಪ್ರಶ್ನೆ.

ಅಂಗಡಿ ಯಜಮಾನರೇ, ಇತ್ತ ಕೇಳಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಸುಳ್ಳು ಅನುಭವ ಹುಡುಗ ಒಬ್ಬನಿಂದಲೇ ಆಗಲ್ಲ. ಅದಕ್ಕೆ ಒಂದು ಲೆಟರ್‌ಹೆಡ್ಡು ಬೇಕು, ಸೀಲು ಬೇಕು, ಸೈನು ಬೇಕು. ಅದು ಎಲ್ಲಿಂದ ಬರುತ್ತೆ? ನಮ್ಮ ಹಾರ್ಡ್‌ವೇರ್ ಅಂಗಡಿಯಿಂದ, ಗ್ಯಾರೇಜಿನಿಂದ, ಮೆಡಿಕಲ್ ಸ್ಟೋರಿನಿಂದ, ಮೊಬೈಲ್ ಅಂಗಡಿಯಿಂದ.

ಹುಡುಗ ಬರ್ತಾನೆ. ಪಕ್ಕದ ಬೀದಿಯವನು, ಇಲ್ಲಾಂದ್ರೆ ಭಾವಮೈದನ ಮಗ. ‘ಮಾಮಾ, ನಿಮ್ಮ ಅಂಗಡೀಲಿ ಎರಡು ವರ್ಷ ಇದ್ದೆ ಅಂತ ಒಂದು ಲೆಟರ್ ಹಾಕ್ಕೊಡಿ. ನಿಮಗೇನೂ ತೊಂದರೆ ಆಗಲ್ಲ.’ ಜೊತೆಗೆ ಅವರಮ್ಮ: ‘ಹುಡುಗನಿಗೊಂದು ದಾರಿ ಆಗುತ್ತೆ, ಪುಣ್ಯ ಬರುತ್ತೆ ಅಣ್ಣಾ.’ ಯಜಮಾನರು ಕರಗ್ತಾರೆ. ಡ್ರಾಯರ್‌ನಿಂದ ಸೀಲು ಈಚೆ ಬರುತ್ತೆ. ಟಪ್ ಅಂತ ಒಂದು ಸಲ ಹೊಡೆದರೆ ಎರಡು ವರ್ಷ ಹುಟ್ಟಿಕೊಳ್ಳುತ್ತೆ!

ಪುಣ್ಯದ ವಿಷಯ ದೇವರಿಗೆ ಬಿಡೋಣ. ಕಾನೂನು ಏನು ಹೇಳುತ್ತೆ? ಮೋಸಗಾರನನ್ನು ‘ಫೋರ್ ಟ್ವೆಂಟಿ’ ಅಂತ ಬೈಯೋದು ನಮ್ಮ ಬಾಯಿಗೆ ಅಂಟಿದೆ. 2024ರ ಜುಲೈ 1ರಿಂದ ಹಳೆಯ ಐ.ಪಿ.ಸಿ. ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 420ರ ಜಾಗಕ್ಕೆ 318ನೇ ಕಲಮಿನ 4ನೇ ಉಪಕಲಮು. ನಂಬರು ಬದಲಾಯಿತು, ಶಿಕ್ಷೆ ಹಾಗೇ ಇದೆ, 7 ವರ್ಷದವರೆಗೆ ಜೈಲು ಮತ್ತು ದಂಡ. ಬೇರೆಯವರ ಲೆಟರ್‌ಹೆಡ್ ನಕಲು ಮಾಡಿ, ಸೀಲು ಕೆತ್ತಿಸಿ, ಸೈನು ಹಾಕಿ ಮೋಸಕ್ಕೆ ಬಳಸಿದರೆ 336ನೇ ಕಲಮಿನ ಕೆಳಗೆ ಫೋರ್ಜರಿ, ಅಲ್ಲೂ 7 ವರ್ಷದವರೆಗೆ. ಸುಳ್ಳು ಕಾಗದ ಅಂತ ಗೊತ್ತಿದ್ದೂ ನಿಜದ್ದೆಂದು ತೋರಿಸಿದರೆ 340.

ಯಜಮಾನರು ತಮ್ಮದೇ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ಫೋರ್ಜರಿ ಅಲ್ಲ ಅಂತ ವಕೀಲರು ವಾದ ಮಾಡಬಹುದು. ಆದರೆ ಗೊತ್ತಿದ್ದೂ ಸುಳ್ಳು ಬರೆದುಕೊಟ್ಟು, ಅದರಿಂದ ಇನ್ನೊಬ್ಬರಿಗೆ ಮೋಸ ಆದರೆ, ವಂಚನೆಗೆ ನೆರವಾದವರು ಅಂತ ಹೆಸರು ಸೇರಿಸೋದಕ್ಕೆ ಪೊಲೀಸರಿಗೆ ಕಷ್ಟವೇನಿಲ್ಲ. ಹುಡುಗ ಬೆಂಗಳೂರಿನಲ್ಲಿ ಸಿಕ್ಕಿಬಿದ್ದರೆ ನೋಟೀಸು ಮಧುಗಿರಿ ಅಂಗಡಿಗೆ ಬರುತ್ತೆ. ಅಂಗಡಿ ಬಾಗಿಲು ಹಾಕಿ ಕೋರ್ಟಿಗೆ ಅಲೆಯುವವರು ಯಾರು? ಹುಡುಗನ ಅಮ್ಮ ಬರ್ತಾರಾ?

ಇನ್ನೊಂದು ಲೆಕ್ಕ ಯಜಮಾನರು ಮಾಡಿರೋದಿಲ್ಲ. ‘ಇವನು ನಮ್ಮಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾನೆ’ ಅಂತ ಸೀಲು ಹಾಕಿ ಕೊಟ್ಟ ಕಾಗದ, ನಾಳೆ ಅವನೇ ‘ಎರಡು ವರ್ಷದ ಸಂಬಳ ಬಾಕಿ’ ಅಂತ ಕಾರ್ಮಿಕ ಇಲಾಖೆಗೆ ಹೋದರೆ ನಿಮ್ಮ ವಿರುದ್ಧದ ದಾಖಲೆ. ‘ಅದು ಸುಳ್ಳು ಸರ್ಟಿಫಿಕೇಟು ಸಾರ್’ ಅಂತ ಹೇಳೋದಕ್ಕೆ ಬಾಯಿ ಬರುತ್ತಾ?

90 ದಿನದ ಮಹಾತ್ಮೆ

ಸುಳ್ಳು ಅನುಭವ ಪೇಟೆ ನೌಕರಿಗೆ ಮಾತ್ರ ಅಂಟಿದ ರೋಗವಲ್ಲ. ಹಳ್ಳಿ ಹಳ್ಳಿಯಲ್ಲೂ ಇದೆ, ಲೇಬರ್ ಕಾರ್ಡಿನ ರೂಪದಲ್ಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬೇಕಾದರೆ, ಹಿಂದಿನ 12 ತಿಂಗಳಲ್ಲಿ 90 ದಿನಕ್ಕೆ ಕಡಿಮೆಯಿಲ್ಲದೆ ಕಟ್ಟಡದ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60ರ ಒಳಗಿರಬೇಕು. 1996ರ ಕಾಯ್ದೆ ಹಾಕಿದ ಷರತ್ತು ಇದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದೇ 90 ದಿನ ಉಳಿದಿದೆ.

ಈ 90 ದಿನಕ್ಕೆ ಒಬ್ಬರು ಸೈನು ಹಾಕಿಕೊಡಬೇಕು. ಇಲ್ಲೇ ಬಾಗಿಲು ತೆರೆಯೋದು. ಒಂದು ದಿನವೂ ಬಾಣಲಿ ಹೊರದವರು, ಕರಣೆ ಹಿಡಿಯದವರು ‘ಗಾರೆ ಕೆಲಸ, 90 ದಿನ’ ಅಂತ ಕಾರ್ಡು ಮಾಡಿಸಿಕೊಂಡರು. ರಾಜ್ಯದಲ್ಲಿ ಬೋಗಸ್ ಕಾರ್ಡು ಎಷ್ಟು ಹಬ್ಬಿತು ಅಂದರೆ, 2023ರಿಂದ ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ ಇದರ ಬಗ್ಗೆ ಪದೇ ಪದೇ ಮಾತಾಡಬೇಕಾಯಿತು, ಇಲಾಖೆ ಕಾರ್ಡುಗಳನ್ನು ತಪಾಸಣೆ ಮಾಡಿ ರದ್ದು ಮಾಡಬೇಕಾಯಿತು.

‘ಸರ್ಕಾರದ ದುಡ್ಡು ತಾನೇ, ಹೋದರೆ ಹೋಯಿತು’ ಅನ್ನಬೇಡಿ. ಅದು ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಒಂದು ರೂಪಾಯಿಯಂತೆ ಸೆಸ್ ಕಟ್ಟಿಸಿಕೊಂಡು ಕಾರ್ಮಿಕರಿಗಾಗಿ ಕೂಡಿಟ್ಟ ದುಡ್ಡು. ಮಕ್ಕಳ ಓದಿಗೆ, ಮದುವೆಗೆ, ಹೆರಿಗೆಗೆ, ಅಪಘಾತಕ್ಕೆ, ಮುಪ್ಪಿನ ಪೆನ್ಷನ್ನಿಗೆ. ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಗಾರೆಯವನು ಅರ್ಜಿ ಹಾಕಿದಾಗ, ಅವನ ಮುಂದೆ ಕ್ಯೂನಲ್ಲಿ ಬೋಗಸ್ ಕಾರ್ಡಿನವರು ನಿಂತಿರ್ತಾರೆ. ಬೋಗಸ್ ಹೆಚ್ಚಾಯಿತು ಅಂತ ಇಲಾಖೆ ತಪಾಸಣೆ ಬಿಗಿ ಮಾಡಿದರೆ, ‘ನಿನ್ನ 90 ದಿನಕ್ಕೆ ಸಾಕ್ಷಿ ತಾ’ ಅಂತ ಅಲೆದಾಡಿಸೋದು ನಿಜವಾದ ಕಾರ್ಮಿಕನನ್ನೇ. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಅಂತಾರೆ, ಇಲ್ಲಿ ಮಾಡಿದವರ ಪಾಪ ದುಡಿದವರ ಬೆನ್ನಿಗೆ.

ದುಡಿದವನ ಹತ್ತಿರ ಕಾಗದ ಎಲ್ಲಿದೆ?

ಇದೇ ಈ ಲೇಖನದ ತಿರುಳು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅನುಭವಕ್ಕೇನೂ ಬರ ಇಲ್ಲ. ಹತ್ತನೇ ಕ್ಲಾಸು ಬಿಟ್ಟು ಹದಿನೈದು ವರ್ಷ ಮೋಟಾರು ರಿವೈಂಡಿಂಗ್ ಮಾಡಿದವರಿದ್ದಾರೆ. ಸದ್ದು ಕೇಳಿಯೇ ಬೋರಿನ ಪಂಪು ಎಲ್ಲಿ ಕೆಟ್ಟಿದೆ ಅಂತ ಹೇಳುವವರಿದ್ದಾರೆ. ಇಪ್ಪತ್ತು ವರ್ಷ ಕಡಲೆಕಾಯಿ ಮಂಡಿಯಲ್ಲಿ ಲೆಕ್ಕ ಬರೆದವರಿದ್ದಾರೆ. ಅವರ ಹತ್ತಿರ ಒಂದು ಚೂರು ಕಾಗದ ಇಲ್ಲ. ಯಜಮಾನರು ಸಂಬಳ ಕೈಗೆ ಕೊಟ್ಟರು, ಹಬ್ಬಕ್ಕೆ ಬಟ್ಟೆ ಕೊಟ್ಟರು, ಕಷ್ಟಕ್ಕೆ ಸಾಲ ಕೊಟ್ಟರು. ಕೆಲಸಕ್ಕಿದ್ದಾನೆ ಅಂತ ಒಂದು ಸಾಲು ಬರೆದುಕೊಡಲಿಲ್ಲ.

ಎಂಥ ತಮಾಷೆ ನೋಡಿ! ಕೆಲಸ ಮಾಡದ ಭಾವಮೈದನ ಮಗನಿಗೆ ಎರಡು ವರ್ಷದ ಲೆಟರು ಸಿಗುತ್ತೆ. ಹದಿನೈದು ವರ್ಷ ದುಡಿದವನಿಗೆ ಸಿಗಲ್ಲ. ಕೊನೆಗೆ ಆ ದುಡಿದವನೂ ಕಾಗದ ಇಲ್ಲ ಅನ್ನೋ ಕಾರಣಕ್ಕೆ ಎಲ್ಲೋ ಒಂದು ಸುಳ್ಳು ಸರ್ಟಿಫಿಕೇಟು ಹುಡುಕಿಕೊಂಡು ಹೋಗ್ತಾನೆ. ನಿಜವಾದ ಅನುಭವಕ್ಕೆ ಸುಳ್ಳು ಕಾಗದ! ಸಿಕ್ಕಿಬಿದ್ದರೆ ಅವನ ಕೈಕಸಬಿಗೂ ಕಳಂಕ.

ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಕೆಲಸಗಾರನಿಗೆ ನೇಮಕ ಪತ್ರ ಕೊಡುವ ಮಾತಿದೆ. ಹೊಸ ಸಂಹಿತೆಯೂ ನೇಮಕ ಪತ್ರ ಕೊಡಬೇಕು ಅನ್ನುತ್ತೆ. ಯಜಮಾನರು ಮಾಡಬೇಕಾದ್ದು ದೊಡ್ಡ ಕೆಲಸ ಅಲ್ಲ. ಸೇರಿದ ದಿನ ಒಂದು ಪತ್ರ, ಬಿಟ್ಟ ದಿನ ಒಂದು ಪತ್ರ. ಎಷ್ಟು ದಿನ ಇದ್ದ, ಏನು ಕೆಲಸ ಮಾಡಿದ, ಅಷ್ಟೇ. ಸಂಬಳವನ್ನು ಬ್ಯಾಂಕಿಗೋ ಫೋನ್ ಪೇಗೋ ಹಾಕಿದರೆ ಅದೂ ಒಂದು ದಾಖಲೆ. ಕೊಟ್ಟ ಪತ್ರದ ಒಂದು ಪ್ರತಿ ಫೈಲಿನಲ್ಲಿಡಿ. ನಾಳೆ ಯಾರಾದರೂ ಫೋನು ಮಾಡಿದರೆ ಅಳಿಯನೇ ಎತ್ತಲಿ, ಮಗಳೇ ಎತ್ತಲಿ, ಉತ್ತರ ಒಂದೇ ಇರುತ್ತೆ.

ಕೆಲಸಗಾರರಿಗೂ ದಾರಿ ಇಲ್ಲದೇನಿಲ್ಲ. ಐ.ಟಿ.ಐ. ಮುಗಿಸಿದವರು ಅನುಭವ ಕೊಳ್ಳುವ ಬದಲು ಅಪ್ರೆಂಟಿಸ್ ಆಗಿ ಸೇರಬಹುದು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸ್ಟೈಪೆಂಡ್ ಸಿಗುತ್ತೆ, ಕೊನೆಗೆ ಪರೀಕ್ಷೆ ಪಾಸಾದರೆ ದೇಶದಲ್ಲೆಲ್ಲಾ ನಡೆಯೋ ಸರ್ಟಿಫಿಕೇಟು ಸಿಗುತ್ತೆ. ಶಾಲೆ ಬಿಟ್ಟು ಕೈಯಿಂದಲೇ ಕಲಿತವರಿಗೆ ಬೇರೆ ವ್ಯವಸ್ಥೆ ಇದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕಲಿತ ಕಸಬನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ಭಾಗ ಇಟ್ಟರು. ಅಂಥ ಶಿಬಿರ ಎಲ್ಲಿ, ಯಾವಾಗ ಅನ್ನೋದನ್ನು ತುಮಕೂರಿನ ಜಿಲ್ಲಾ ಕೌಶಲಾಭಿವೃದ್ಧಿ ಕಚೇರಿಯಲ್ಲಿ ಕೇಳಿ. ಒಂದು ಬಸ್ ಚಾರ್ಜಿನ ಖರ್ಚು.

ಇನ್ನು ಬಯೋಡಾಟಾ ಬರೆಸೋ ಹುಡುಗರಿಗೆ: ವರ್ಷ ಉದ್ದ ಮಾಡಬೇಡಿ, ಕೆಲಸ ಬಿಡಿಸಿ ಬರೆಸಿ. ‘ಎರಡು ವರ್ಷ ಎಲೆಕ್ಟ್ರಿಷಿಯನ್’ ಅನ್ನೋ ಸುಳ್ಳಿಗಿಂತ, ‘ಎಂಟು ತಿಂಗಳು, ಹೆಲ್ಪರ್, ಹದಿನೈದು ಮನೆ ವೈರಿಂಗ್, ಮೂರು ಮೋಟಾರ್ ಸ್ಟಾರ್ಟರ್ ಕೂಡಿಸಿದ್ದು’ ಅನ್ನೋ ನಿಜಕ್ಕೆ ತೂಕ ಜಾಸ್ತಿ. ಕೇಳಿದರೆ ಉತ್ತರ ಹೇಳೋಕೆ ಬರುತ್ತೆ, ಮಾಡಿ ತೋರಿಸು ಅಂದರೆ ಕೈ ನಡುಗಲ್ಲ. ಹೊಲದಲ್ಲಿದ್ದ ಎರಡು ವರ್ಷವನ್ನು ಮುಚ್ಚಿಡಬೇಡಿ. ‘ಅಪ್ಪನ ಜೊತೆ ವ್ಯವಸಾಯ ಮಾಡ್ತಿದ್ದೆ’ ಅಂತ ಬರೆಸಿ. ಅದರಲ್ಲಿ ಯಾವ ಅವಮಾನವೂ ಇಲ್ಲ. ಪಂಪು, ಪೈಪು, ಡ್ರಿಪ್ಪು ನೋಡಿಕೊಂಡವನಿಗೆ ಕಾರ್ಖಾನೆ ಕೆಲಸ ಕಲಿಯೋದು ಕಷ್ಟವಲ್ಲ.

ಝೆರಾಕ್ಸ್ ಅಂಗಡಿಯವರಿಗೂ ಒಂದು ಮಾತು. ‘ಎಷ್ಟು ಹಾಕಲಿ’ ಅಂತ ಕೇಳೋದು ಬಿಟ್ಟು ‘ಎಷ್ಟಿದೆ’ ಅಂತ ಕೇಳಿ. ಟೈಪು ಮಾಡೋ ದುಡ್ಡು ಎರಡಕ್ಕೂ ಒಂದೇ.

ಉಪವಿಭಾಗದ ಅಂಗಡಿ ಯಜಮಾನರೆಲ್ಲಾ ಡ್ರಾಯರ್ ಎಳೆದು ಸೀಲು ನೋಡಿಕೊಳ್ಳಲಿ. ಕೆಲಸ ಮಾಡದವನಿಗೆ ಅದನ್ನು ಎತ್ತಬೇಡಿ. ಈಗ ಅಂಗಡಿ ಮುಂದೆ ಮೂಟೆ ಇಳಿಸ್ತಾ ನಿಂತಿದ್ದಾನಲ್ಲ, ಏಳು ವರ್ಷದಿಂದ ನಿಮ್ಮಲ್ಲಿ ದುಡಿಯುತ್ತಿರೋನು, ಅವನನ್ನು ಒಳಗೆ ಕರೆದು ಒಂದು ಪತ್ರ ಬರೆದುಕೊಡಿ. ಏಳು ಅಂದರೆ ಏಳೇ. ಎಂಟು ಬೇಡ, ಆರೂ ಬೇಡ.